ತೊಟ್ಟಿಕ್ಕುವ ಗೀಸರ್‌ನ ಬಾಯಿ ಮುಚ್ಚಬೇಡಿ

ದೀಪಾವಳಿಯ ಹಿಂದಿನ ರಾತ್ರಿ ಹಂಡೆಗೆ ಬಳ್ಳಿ ಸುತ್ತಿ ನೀರು ತುಂಬುವುದು ನಮ್ಮ ಗುರುವಾಯನಕೆರೆ ಮನೆಯ ಕ್ರಮ. ಈಗ ಹಂಡೆ ಕೊಟ್ಟಿಗೆಯಲ್ಲಿದೆ, ಬಚ್ಚಲಲ್ಲಿ 15 ಲೀಟರ್ ಗೀಸರ್ ಉಂಟು. "ಅದಕ್ಕೇ ಸುತ್ತು ಮಗಾ" ಅಂದ್ರು ಅಜ್ಜಿ. ಬಳ್ಳಿ ಹಿಡಿದು ಸ್ಟೂಲ್ ಹತ್ತಿದಾಗ ಕಂಡದ್ದು ಎರಡು ವಿಷಯ. ಕೆಳಗಿನ ಸೇಫ್ಟಿ ವಾಲ್ವ್‌ನ ಬಾಯಿಗೆ ಯಾರೋ ಡಮ್ಮಿ ಹಾಕಿ ಬಿಗಿದಿದ್ದರು. ಮತ್ತೆ, ಗೀಸರ್‌ನ ಅಡಿಯ ಮುಚ್ಚಳದಿಂದ ನೀರು ಜಿನುಗುತ್ತಿತ್ತು.

ಕೇಳಿದರೆ ಅಜ್ಜಿ ಹೇಳಿದ್ದು: "ಆ ವಾಲ್ವಲ್ಲಿ ದಿನಾ ಬೆಳಿಗ್ಗೆ ನೀರು ತೊಟ್ಟಿಕ್ಕುತ್ತಿತ್ತು. ಪ್ಲಂಬರ್ ಬಂದು ಬಂದ್ ಮಾಡಿ ಹೋದ. ಆಮೇಲೆ ಬಿಸಿನೀರಿನ ನಳ್ಳಿ ತಿರುಗಿಸಿದ ಕೂಡ್ಲೇ ನೀರು ಟುಸ್ಸಂತ ಹಾರ್ತದೆ." ಎರಡು ತಿಂಗಳಿಂದ ಅಜ್ಜಿ ಅದರ ಕೆಳಗೇ ನಿಂತು ಸ್ನಾನ ಮಾಡಿದ್ದಾರೆ. ನನಗೆ ಕೈಕಾಲು ತಣ್ಣಗಾಯ್ತು. ಯಾಕೆ ಅಂತ ಹೇಳ್ತೇನೆ.

ಹಂಡೆಗೆ ಇಲ್ಲದ ತೊಂದರೆ

ಹಂಡೆಯ ಬಾಯಿ ತೆರೆದಿದೆ. ಎಷ್ಟು ಕೊತ್ತಳಿಗೆ, ತೆಂಗಿನ ಸಿಪ್ಪೆ ಉರಿಸಿದರೂ ನೀರು ಹಿಗ್ಗಿ ಮೇಲೆ ಬರ್ತದೆ, ಕುದಿದರೆ ಆವಿ ಹೋಗ್ತದೆ. ಒತ್ತಡ ಕಟ್ಟುವ ಪ್ರಶ್ನೆಯೇ ಇಲ್ಲ. ಗೀಸರ್ ಹಾಗಲ್ಲ. ಅದು ಪೂರ್ತಿ ನೀರು ತುಂಬಿದ, ಮುಚ್ಚಿದ ಪಾತ್ರೆ.

25 ಡಿಗ್ರಿಯ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಅದರ ಗಾತ್ರ ಸುಮಾರು 1.4% ಹೆಚ್ಚಾಗ್ತದೆ. 15 ಲೀಟರ್‌ಗೆ ಲೆಕ್ಕ ಹಾಕಿ: ಸುಮಾರು 210 ಮಿಲಿಲೀಟರ್, ಅಂದರೆ ಒಂದು ಲೋಟ. ಈ ಒಂದು ಲೋಟ ನೀರು ಎಲ್ಲಿಗೆ ಹೋಗಬೇಕು? ಮೊದಲು ಅದು ತಣ್ಣೀರಿನ ಪೈಪಿನಲ್ಲಿ ಹಿಂದಕ್ಕೆ, ಟೆರೇಸಿನ ಟ್ಯಾಂಕಿಗೆ ಹೋಗಬಹುದಿತ್ತು. ಈಗಿನ ಗೀಸರ್‌ಗಳ ಒಳಹರಿವಿನಲ್ಲಿ ನಾನ್-ರಿಟರ್ನ್ ವಾಲ್ವ್ ಇರ್ತದೆ, ನೀರು ಹಿಂದೆ ಹೋಗಲು ಬಿಡುವುದಿಲ್ಲ. ಹಾಗಾಗಿ ಒತ್ತಡ ಏರ್ತದೆ. ಸೇಫ್ಟಿ ವಾಲ್ವ್‌ಗೆ ನಿಗದಿ ಮಾಡಿದ ಮಿತಿ ಮುಟ್ಟಿದಾಗ (ನಮ್ಮದರಲ್ಲಿ 8 ಬಾರ್) ಅದು ತೆರೆದು ಹನಿ ಹನಿ ಬಿಡ್ತದೆ. ಇದು ದೋಷ ಅಲ್ಲ, ಅದರ ಕೆಲಸವೇ ಅದು.

ಬಾಯಿ ಮುಚ್ಚಿದರೆ? ನೀರನ್ನು ಒತ್ತಿ ಕುಗ್ಗಿಸುವುದು ಬಹಳ ಕಷ್ಟ. ಅದರ ಬಲ್ಕ್ ಮಾಡ್ಯುಲಸ್ ಸುಮಾರು 2.2 ಗಿಗಾಪಾಸ್ಕಲ್. ಸ್ವಲ್ಪವೂ ಹಿಗ್ಗದ ಪಾತ್ರೆಯಾದರೆ 1.4% ಹಿಗ್ಗುವಿಕೆಗೆ ಸುಮಾರು 300 ಬಾರ್ ಬರ್ತದೆ. ನಿಜದಲ್ಲಿ ಟ್ಯಾಂಕ್ ಸ್ವಲ್ಪ ಹಿಗ್ಗುತ್ತದೆ, ಎಲ್ಲೋ ಗಾಳಿ ಸಿಕ್ಕಿರ್ತದೆ, ಅಷ್ಟಾಗುವ ಮೊದಲೇ ದುರ್ಬಲ ಜಾಗ ಬಿಟ್ಟುಕೊಡ್ತದೆ. ನಮ್ಮಲ್ಲಿ ಬಿಟ್ಟುಕೊಟ್ಟದ್ದು ಅಡಿಯ ಗ್ಯಾಸ್ಕೆಟ್. ಸೋರಿಕೆ ನಿಂತಿರಲಿಲ್ಲ, ಜಾಗ ಬದಲಿಸಿತ್ತು. ಅದೂ ಕಾಯಿಲ್ ಮತ್ತು ಕರೆಂಟಿನ ವಯರ್ ಇರುವ ಜಾಗಕ್ಕೆ!

ಇನ್ನೂ ಕೆಟ್ಟ ಸಂದರ್ಭ ಥರ್ಮೋಸ್ಟಾಟ್ ಮತ್ತು ಕಟ್-ಔಟ್ ಎರಡೂ ಕೈಕೊಟ್ಟಾಗ. ಒಳಗೆ 8 ಬಾರ್ ಇದ್ದರೆ ನೀರು ಸುಮಾರು 175 ಡಿಗ್ರಿವರೆಗೂ ಕುದಿಯುವುದಿಲ್ಲ. ಆಗ ಟ್ಯಾಂಕ್ ಒಡೆದರೆ ಒತ್ತಡ ಒಮ್ಮೆಲೇ ಇಳಿದು, ಸುಮಾರು 14% ನೀರು ಕ್ಷಣದಲ್ಲಿ ಆವಿಯಾಗ್ತದೆ. 15 ಕೆಜಿ ನೀರಿಗೆ ಅದು ಮೂರೂವರೆ ಘನ ಮೀಟರ್ ಆವಿ. ಸಣ್ಣ ಬಚ್ಚಲು ಮನೆಯ ಅರ್ಧಕ್ಕಿಂತ ಹೆಚ್ಚು ತುಂಬುತ್ತದೆ. ಕುಕ್ಕರ್‌ನ ವಿಸಿಲ್ ತೂತನ್ನು ಯಾರೂ ಎಂ-ಸೀಲ್ ಹಾಕಿ ಮುಚ್ಚುವುದಿಲ್ಲ ಅಲ್ವಾ?

ಎಲ್ಲಿಂದ, ಯಾವಾಗ ಸೋರುತ್ತದೆ?

ಮೊದಲು ಎಂಸಿಬಿ ಆಫ್ ಮಾಡಿ. ಒದ್ದೆ ಗೀಸರ್ ಮುಟ್ಟುವ ಮೊದಲು ಇದು ಕಡ್ಡಾಯ. ಎಲ್ಲ ಒರೆಸಿ, ಕೆಳಗೆ ಒಣ ಪೇಪರ್ ಹಾಸಿ ಕಾದು ನೋಡಿ. ಬಿಸಿ ಮಾಡಿ ನೋಡುವುದಿದ್ದರೆ ಸ್ವಿಚ್ ಬಚ್ಚಲಿನ ಹೊರಗಿನಿಂದ ಹಾಕಿ, ಗೀಸರ್ ಮುಟ್ಟಬೇಡಿ.

1. ವಾಲ್ವ್‌ನಿಂದ, ಬಿಸಿಯಾಗುವಾಗ ಮಾತ್ರ: ಸಹಜ. ಒಂದು ಸಲಕ್ಕೆ ಎಷ್ಟು ಅಂತ ಲೋಟದಲ್ಲಿ ಅಳೆಯಿರಿ. ಮೇಲಿನ ಲೆಕ್ಕಕ್ಕಿಂತ ಬಹಳ ಹೆಚ್ಚಿದ್ದರೆ ಥರ್ಮೋಸ್ಟಾಟ್ ನೋಡಿಸಿ.

2. ವಾಲ್ವ್‌ನಿಂದ, ತಣ್ಣಗಿರುವಾಗಲೂ: ಸೀಟಿನಲ್ಲಿ ಕಸ ಕೂತಿದೆ ಅಥವಾ ಸ್ಪ್ರಿಂಗ್ ಹೋಗಿದೆ. ಪ್ರೆಶರ್ ಪಂಪ್ ಇದ್ದರೆ ಅದರ ಸೆಟ್ಟಿಂಗ್ ನೋಡಿ. ವಾಲ್ವ್ ಬದಲಿಸಿ, ಮುಚ್ಚಬೇಡಿ.

3. ಅಡಿಯ ಮುಚ್ಚಳದಿಂದ: ಗ್ಯಾಸ್ಕೆಟ್. ಕಾಯಿಲ್ ಬಿಚ್ಚುವ ಕೆಲಸ, ಎಲೆಕ್ಟ್ರಿಷಿಯನ್ ಬೇಕು.

4. ಮೈಯಿಂದಲೇ, ತುಕ್ಕಿನ ಬಣ್ಣದ ನೀರು: ಟ್ಯಾಂಕ್ ಮುಗಿಯಿತು, ಹೊಸತು ತನ್ನಿ. ಟ್ಯಾಂಕ್ ಬದಲು ತಾನು ಸವೆಯಲಿ ಅಂತ ಒಳಗೆ ಒಂದು ಮೆಗ್ನೀಸಿಯಂ ಸರಳು ಇಟ್ಟಿರ್ತಾರೆ. ಅದು ಕರಗಿ ಹೋದ ಮೇಲೆ ಟ್ಯಾಂಕಿನ ಸರದಿ. ನಮ್ಮ ಕಡೆ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ, ಲೋಹವನ್ನು ತಿನ್ನುತ್ತದೆ. ಸರ್ವಿಸ್ ಮಾಡಿಸುವಾಗ ಸರಳು ತೋರಿಸಿ ಅಂತ ಕೇಳಿ.

ನೀರು ಜೋರಾಗಿ ಬಾರದಿದ್ದರೆ

ಬಿಸಿ, ತಣ್ಣೀರು ಎರಡೂ ನಿಧಾನವೇ? ಗೀಸರನ್ನು ಬೈದು ಪ್ರಯೋಜನ ಇಲ್ಲ. 10 ಮೀಟರ್ ಎತ್ತರದ ನೀರು ಅಂದರೆ ಸುಮಾರು 1 ಬಾರ್. ಟ್ಯಾಂಕಿನ ನೀರಿನ ಮಟ್ಟ ಶವರ್‌ಗಿಂತ ಒಂದೂವರೆ ಮೀಟರ್ ಮಾತ್ರ ಮೇಲಿದ್ದರೆ ಸಿಗುವುದು 0.15 ಬಾರ್. ಗೇಜ್ ಬೇಡ. ಮೇಸ್ತ್ರಿಗಳ ಹತ್ರ ಇರುವ ಲೆವೆಲ್ ಪೈಪಿನ ಒಂದು ತುದಿಯನ್ನು ತಣ್ಣೀರಿನ ನಳ್ಳಿಗೆ ಬಿಗಿಯಾಗಿ ಸಿಕ್ಕಿಸಿ, ಇನ್ನೊಂದು ತುದಿ ಎತ್ತಿ ಹಿಡಿಯಿರಿ. ನೀರು ನಿಂತ ಎತ್ತರವೇ ನಿಮ್ಮ ಒತ್ತಡ. ಆ ಎತ್ತರ ಟ್ಯಾಂಕಿನ ಮಟ್ಟಕ್ಕೆ ಸಮ ಇದ್ದೂ ಹರಿವು ಕಡಿಮೆ ಇದ್ದರೆ, ಪೈಪ್ ಸಪೂರ ಆಗಿದೆ ಅಥವಾ ಒಳಗೆ ಕಟ್ಟಿದೆ. ನಿಂತ ನೀರು ತಡೆಯನ್ನು ತೋರಿಸುವುದಿಲ್ಲ, ಹರಿಯುವ ನೀರು ಮಾತ್ರ ತೋರಿಸ್ತದೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಬಿಸಿನೀರು ಮಾತ್ರ ನಿಧಾನವೇ? ಹಾಗಾದರೆ ಗೀಸರ್‌ನ ಒಳಹರಿವಿನ ನಾನ್-ರಿಟರ್ನ್ ವಾಲ್ವ್ ಅಂಟಿರಬಹುದು, ಇಲ್ಲವೇ ಕಸ ಸಿಕ್ಕಿರಬಹುದು.

ನಮ್ಮ ಮನೆಯಲ್ಲಿ ಆದದ್ದು

ಆ ರಾತ್ರಿ ಎಂಸಿಬಿ ಆಫ್ ಮಾಡಿ, ಕೊಟ್ಟಿಗೆಯಿಂದ ಹಂಡೆ ತಂದೆವು. ಹಬ್ಬದ ಎಣ್ಣೆ ಸ್ನಾನ ಹಂಡೆಯ ನೀರಲ್ಲೇ ಆಯ್ತು. ಎರಡು ದಿನ ಬಿಟ್ಟು ಎಲೆಕ್ಟ್ರಿಷಿಯನ್ ಬಂದು ಗ್ಯಾಸ್ಕೆಟ್ ಮತ್ತು ವಾಲ್ವ್ ಎರಡನ್ನೂ ಹೊಸತು ಹಾಕಿದರು. ಮರುದಿನ ಬೆಳಿಗ್ಗೆ ವಾಲ್ವ್ ಕೆಳಗೆ ಲೋಟ ಕಟ್ಟಿ ಅಳೆದೆ: 180 ಮಿಲಿಲೀಟರ್. ಲೆಕ್ಕಕ್ಕೆ ಹತ್ತಿರವೇ ಬಂತು. ವಾಲ್ವ್ ಬಾಯಿಂದ ನೆಲದ ಜಾಲರಿವರೆಗೆ ಒಂದು ಸಣ್ಣ ಪೈಪ್ ಇಳಿಸಿದೆ, ತುದಿ ತೆರೆದೇ ಇದೆ. ಪೈಪಿಗೆ ಐವತ್ತು ರೂಪಾಯಿಯೂ ಆಗಲಿಲ್ಲ.

ಪ್ಲಂಬರ್‌ಗೆ ಕೆಟ್ಟ ಉದ್ದೇಶ ಇರಲಿಲ್ಲ. ನೀರು ನಿಲ್ಲಿಸಿ ಅಂತ ನಾವು ಹೇಳಿದೆವು, ಅವರು ನಿಲ್ಲಿಸಿದರು. ನೀರು ಯಾಕೆ ಬರ್ತಾ ಉಂಟು ಅಂತ ಕೇಳಬೇಕಾದದ್ದು ಮನೆಯಲ್ಲಿ ಇಂಜಿನಿಯರಿಂಗ್ ಓದುವ ನಾನು. ಮುಂದಿನ ಸಲ ಊರಿಗೆ ಹೋದಾಗ ಬಚ್ಚಲಲ್ಲಿ ಸ್ವಲ್ಪ ತಲೆ ಎತ್ತಿ ನೋಡಿ. ವಾಲ್ವ್ ಬಾಯಿ ತೆರೆದಿದೆಯಾ?