ಗಾಲಿಕುರ್ಚಿ ಏರುವ ಇಳಿಜಾರು: ‘ಕೆಲಸ ಮತ್ತು ಶಕ್ತಿ’ ಘಟಕದ ಒಂದು ಪಾಠ

9ನೆಯ ತರಗತಿಯ ‘ಕೆಲಸ ಮತ್ತು ಶಕ್ತಿ’ ಘಟಕವನ್ನು ಬೋಧಿಸಲು ನಾನು ವಿದ್ಯುತ್ ಚಾಲಿತ ಗಾಲಿಕುರ್ಚಿಯನ್ನು ಸಂದರ್ಭವಾಗಿ ಆರಿಸಿಕೊಂಡೆ. ಪಠ್ಯದ ಸೂತ್ರಕ್ಕೂ ಒಬ್ಬರ ಓಡಾಟಕ್ಕೂ ಇರುವ ನಂಟನ್ನು ಮಕ್ಕಳು ತಾವೇ ಲೆಕ್ಕ ಹಾಕಿ ಕಂಡುಕೊಳ್ಳಬೇಕೆಂಬುದು ಪಾಠದ ಉದ್ದೇಶ.

ಪೀಠಿಕೆ: ಚಿತ್ರ ತೋರಿಸಿ, “ಈ ಕುರ್ಚಿಯನ್ನು ತಳ್ಳುವವರು ಯಾರು?” ಎಂದು ಕೇಳಿದೆ. “ಮೋಟಾರು” ಎಂಬ ಉತ್ತರ ಬಂತು. ಅಲ್ಲಿಂದ ಶಕ್ತಿಯ ರೂಪಾಂತರಕ್ಕೆ ಬಂದೆವು. ಇಂತಹ ಅನೇಕ ಕುರ್ಚಿಗಳಲ್ಲಿ 12 ವೋಲ್ಟ್‌ನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಜಾಯ್‌ಸ್ಟಿಕ್ ವಾಲಿಸಿದಾಗ ಎಡಬಲ ಚಕ್ರಗಳ ವೇಗ ಬೇರೆಯಾಗಿ ಕುರ್ಚಿ ತಿರುಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡ ಸೈನಿಕರಿಗಾಗಿ ಕೆನಡಾದ ಜಾರ್ಜ್ ಕ್ಲೈನ್ ಇದನ್ನು ರೂಪಿಸಿದ ವಿಷಯವನ್ನೂ ಹೇಳಿದೆ.

ಚಟುವಟಿಕೆ: ಮಕ್ಕಳು ಗುಂಪಾಗಿ ಶಾಲೆಯ ಇಳಿಜಾರನ್ನು ಟೇಪಿನಿಂದ ಅಳೆದರು. ಎತ್ತರ 45 ಸೆಂ.ಮೀ., ಉದ್ದ 180 ಸೆಂ.ಮೀ. ಬಂತು, ಅಂದರೆ 1:4. ಇರಬೇಕಾದ್ದು 1:12, ಆಗ ಉದ್ದ ಸುಮಾರು 540 ಸೆಂ.ಮೀ. ಆಗುತ್ತದೆ. ಕೈಯಿಂದ ತಳ್ಳುವ ಕುರ್ಚಿ 15 ಕಿ.ಗ್ರಾಂ., ಕುಳಿತವರು 45 ಕಿ.ಗ್ರಾಂ. ಎಂದಿಟ್ಟುಕೊಂಡು, ಘರ್ಷಣೆ ಬಿಟ್ಟು, ಗುರುತ್ವ ವೇಗೋತ್ಕರ್ಷ 10 ಎಂದು ಲೆಕ್ಕ ಮಾಡಿದೆವು. ಎರಡೂ ಇಳಿಜಾರಿನಲ್ಲಿ ಕೆಲಸ 270 ಜೂಲ್. ಆದರೆ ತಳ್ಳಬೇಕಾದ ಬಲ ಒಂದರಲ್ಲಿ 150 ನ್ಯೂಟನ್, ಇನ್ನೊಂದರಲ್ಲಿ 50 ನ್ಯೂಟನ್.

ಪಕ್ಷವಾತವಾದ ಅಜ್ಜಿಯ ಕುರ್ಚಿಯನ್ನು ದಿನವೂ ತಳ್ಳುವ ತಾಯಿಯ ಸೊಂಟನೋವಿನ ಬಗ್ಗೆ ಒಬ್ಬ ವಿದ್ಯಾರ್ಥಿನಿ ಹೇಳಿದ್ದು ಆಗಲೇ. “ಮೋಟಾರ್ ಇದ್ದರೆ ಅಮ್ಮನಿಗೆ ಕೆಲಸವೇ ಇರಲ್ಲ ಅಲ್ವಾ ಮಿಸ್?” ಎಂದಳು. ತಳ್ಳುವ ಶ್ರಮ ತಪ್ಪುತ್ತದೆ; ಹಾಸಿಗೆಯಿಂದ ಕುರ್ಚಿಗೆ ಕೂರಿಸುವುದು, ಚಾರ್ಜ್ ಹಾಕುವುದು ಉಳಿಯುತ್ತವೆ. ಒಂದೇ ಭಂಗಿಯಲ್ಲಿ ಕುಳಿತರೆ ಒತ್ತಡದ ಹುಣ್ಣಾಗುತ್ತದೆ, ಆದ್ದರಿಂದ ಆಗಾಗ ಭಂಗಿ ಬದಲಿಸಬೇಕು. ವೈದ್ಯರು ಹೇಳಿದ ವ್ಯಾಯಾಮವನ್ನೂ ಬಿಡಬಾರದು. ಆದರೆ ಯಾವಾಗ, ಎಲ್ಲಿಗೆ ಹೋಗಬೇಕೆಂಬುದು ಅಜ್ಜಿಯ ಕೈಗೇ ಬರುತ್ತದೆ ಎಂದೆ.

ಮತ್ತೊಬ್ಬ ಹುಡುಗ, “ಆ ಕುರ್ಚಿ ನಮ್ಮ ಇಳಿಜಾರು ಹತ್ತುತ್ತಾ?” ಎಂದು ಕೇಳಿದ. ಬ್ಯಾಟರಿ, ಮೋಟಾರು ಸೇರಿ ಕುರ್ಚಿ 60 ಕಿ.ಗ್ರಾಂ. ಇದ್ದರೆ ಬೇಕಾಗುವ ಬಲ 262.5 ನ್ಯೂಟನ್ ಎಂದು ಅವನೇ ಲೆಕ್ಕ ಹಾಕಿದ. ಅಷ್ಟು ಕಡಿದಾದ ಕಡೆ ಕುರ್ಚಿ ಹಿಂದಕ್ಕೆ ಮಗುಚುವ ಅಪಾಯವೂ ಉಂಟು. ಅದನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವುದಂತೂ ಕಷ್ಟ. ಮೋಟಾರು ಬಂದರೆ ಇಳಿಜಾರಿನ ಅಗತ್ಯ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ ಎಂಬ ತೀರ್ಮಾನಕ್ಕೆ ತರಗತಿಯೇ ಬಂತು.

ಮೌಲ್ಯಮಾಪನ: 480 ವ್ಯಾಟ್-ಗಂಟೆ ಶಕ್ತಿಯ ಬ್ಯಾಟರಿಯಿಂದ ಸರಾಸರಿ 120 ವ್ಯಾಟ್ ಬಳಸಿದರೆ ಕುರ್ಚಿ ಎಷ್ಟು ಹೊತ್ತು ಓಡುತ್ತದೆ? ಹೆಚ್ಚಿನವರು 4 ಗಂಟೆ ಎಂದು ಸರಿಯಾಗಿ ಬರೆದರು.

ಅಂಗವಿಕಲರ ಹಕ್ಕುಗಳ ಅಧಿನಿಯಮ, 2016 ಶಾಲಾ ಕಟ್ಟಡ ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕೆನ್ನುತ್ತದೆ. ಮಕ್ಕಳು ತಮ್ಮ ಅಳತೆ, ಲೆಕ್ಕಗಳನ್ನು ಬರೆದು ಮುಖ್ಯಶಿಕ್ಷಕರಿಗೆ ಒಪ್ಪಿಸಿದ್ದಾರೆ. ಸಹ ಪ್ರಶಿಕ್ಷಣಾರ್ಥಿಗಳು ತಮ್ಮ ಅಭ್ಯಾಸ ಶಾಲೆಯಲ್ಲೂ ಈ ಚಟುವಟಿಕೆ ಮಾಡಿಸಬಹುದು. ಬೇಕಾಗುವುದು ಒಂದು ಟೇಪು, ಒಂದು ಪಾಠದ ಅವಧಿ.