ಸಭೆಯಿಂದ ಹಳ್ಳಿ ಸೇವೆಗೆ ಹೊರಟಿರಾ? ಮಾತ್ರೆ ಹಂಚುವ ಮುನ್ನ ಇದನ್ನು ಓದಿ

ಕ್ರಿಸ್ಮಸ್ ರಜೆ ಹತ್ತಿರವಾದಂತೆ ನಗರದ ಸಭೆಗಳ ಯೌವನಸ್ಥರ ಸಂಘಗಳಲ್ಲಿ ಗ್ರಾಮಸೇವೆಯ ಮಾತು ಏಳುತ್ತದೆ. ಒಂದು ಬಸ್ಸು, ಇಬ್ಬರು ವೈದ್ಯರು, ಪೆಟ್ಟಿಗೆಗಟ್ಟಲೆ ಮಾತ್ರೆ, ಮಕ್ಕಳಿಗೆ ನೋಟ್‌ಬುಕ್ಕು. ಎರಡು ಮೂರು ದಿನ ಉಚಿತ ಆರೋಗ್ಯ ಶಿಬಿರ ನಡೆಸಿ ವಾಪಸಾಗುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಬಸ್ಸು ಹೊರಟುಹೋದ ಮೇಲೆ ಊರಿನಲ್ಲಿ ಏನಾಗುತ್ತದೆಂದು ನೋಡುತ್ತ ಬಂದವನಾಗಿ ಕೆಲವು ಮಾತು ಹೇಳಲೇಬೇಕಾಗಿದೆ.

ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮಿಷನರಿ ವೈದ್ಯೆ ಐಡಾ ಸ್ಕಡರ್ ವೆಲ್ಲೂರಿನಲ್ಲಿ ಚಿಕಿತ್ಸೆ ಶುರು ಮಾಡಿದ್ದು 1900ರಲ್ಲಿ, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದದ್ದು 1906ರಲ್ಲಿ. ಇವರೆಲ್ಲ ಜನರ ನಡುವೆಯೇ ನೆಲೆ ನಿಂತು ಕೆಲಸ ಮಾಡಿದವರು. ನಾವು ಮೂರು ದಿನದವರು. ನಮ್ಮ ತಯಾರಿ ಈ ವ್ಯತ್ಯಾಸವನ್ನು ಒಪ್ಪಿಕೊಂಡೇ ಶುರುವಾಗಬೇಕು.

ಊರು, ದಿನ, ಜಾಗ

ಊರನ್ನು ನೀವೇ ಆರಿಸಬೇಡಿ. ಎರಡು ತಿಂಗಳು ಮೊದಲೇ ತಾಲ್ಲೂಕು ಆರೋಗ್ಯಾಧಿಕಾರಿಯನ್ನು ಕಂಡು ಯಾವ ಊರಿಗೆ ಅಗತ್ಯವಿದೆ ಎಂದು ಕೇಳಿ. ವೈದ್ಯರ ನೋಂದಣಿ ಸಂಖ್ಯೆ, ತರುವ ಔಷಧಗಳ ಪಟ್ಟಿ ಕೊಟ್ಟು ಲಿಖಿತ ಅನುಮತಿ ಪಡೆಯಿರಿ. ಗ್ರಾಮ ಪಂಚಾಯಿತಿಗೂ ಒಂದು ಪತ್ರ ಕೊಡಿ.

ದಿನವನ್ನು ಊರವರೇ ಹೇಳಲಿ. ಡಿಸೆಂಬರಿನಲ್ಲಿ ಗದಗ, ಧಾರವಾಡದ ಕಡೆ ಹತ್ತಿ ಬಿಡಿಸುವ ಕೆಲಸ ನಡೆದಿರುತ್ತದೆ. ಬೆಳಗ್ಗೆ ಹೊಲಕ್ಕೆ ಹೋದ ಹೆಣ್ಣುಮಕ್ಕಳು ಮರಳುವುದು ಸಂಜೆಗೆ. ಹನ್ನೊಂದು ಗಂಟೆಗೆ ಬ್ಯಾನರ್ ಕಟ್ಟಿ ಕೂತರೆ ಬರುವವರು ಕಟ್ಟೆಯ ಮೇಲಿನ ಹಿರಿಯರು ಮಾತ್ರ. ರಕ್ತಹೀನತೆ ಇರುವ ಕೂಲಿಯ ಹೆಣ್ಣುಮಗಳನ್ನು ನೋಡಬೇಕಿದ್ದರೆ ಸಂಜೆ ಐದರ ನಂತರ ಕೂರಿ.

ಜಾಗ ಎಲ್ಲ ಕೇರಿಯವರೂ ಸಂಕೋಚವಿಲ್ಲದೆ ಬರುವಂಥದ್ದಾಗಿರಲಿ. ಗುಡಿಯ ಪಡಸಾಲೆಯಾಗಲಿ, ಗೌಡರ ಮನೆಯಂಗಳವಾಗಲಿ, ನಮ್ಮದೇ ಪ್ರಾರ್ಥನಾ ಮಂದಿರವಾಗಲಿ ಬೇಡ. ಸರ್ಕಾರಿ ಶಾಲೆ ಒಳ್ಳೆಯದು.

ಮಾತ್ರೆಯ ವಿಷಯ

ನಾನು ಹೆಚ್ಚು ಒತ್ತಿ ಹೇಳಬೇಕಾದದ್ದು ಇದನ್ನು. ಶಿಬಿರಗಳಲ್ಲಿ ಬಿಪಿ ಮಾತ್ರೆಯನ್ನು ಹತ್ತು ದಿನಕ್ಕೆ ಕೊಟ್ಟು ಕಳಿಸುತ್ತಾರೆ. ಹನ್ನೊಂದನೆಯ ದಿನ ಏನು?

ಶಿಬಿರ ಮುಗಿದ ಊರೊಂದರಲ್ಲಿ ಅಜ್ಜಿಯೊಬ್ಬರು ಎಲೆಅಡಿಕೆ ಸಂಚಿಯಿಂದ ಮಾತ್ರೆಯ ತುಂಡು ಪಟ್ಟಿಗಳನ್ನು ತೆಗೆದು ನನ್ನ ಅಂಗೈಗೆ ಹಾಕಿ, ‘ಯಪ್ಪಾ, ಇವು ಯಾವದಕ್ಕ ಕೊಟ್ಟಾರ ನೋಡು’ ಎಂದರು. ಕತ್ತರಿಯಲ್ಲಿ ಕತ್ತರಿಸಿ ಹಂಚಿದ ಪಟ್ಟಿಗಳು. ಔಷಧದ ಹೆಸರು, ಅವಧಿ ಮುಗಿಯುವ ದಿನಾಂಕ ಎರಡೂ ಇನ್ಯಾರದೋ ಪಾಲಿಗೆ ಹೋಗಿದ್ದವು. ಉಳಿದದ್ದು ಬರೀ ಬೆಳ್ಳಿ ಹಾಳೆ. ಚೀಟಿ ಇರಲಿಲ್ಲ. ನೋವಿನ ಮಾತ್ರೆಯೋ ಬಿಪಿಯದೋ ಹೇಳುವಂತಿರಲಿಲ್ಲ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ದಿನವೂ ನುಂಗುತ್ತ ಹೋದರೆ ಬಿಪಿ ಏರಬಹುದು, ಮೂತ್ರಪಿಂಡಕ್ಕೂ ಪೆಟ್ಟು. ಸೇವೆಯ ಹೆಸರಿನಲ್ಲಿ ನಾವು ಮಾಡಿಬರುವ ಕೇಡು ಇದು.

ಹಾಗಾದರೆ ಮಾಡಬೇಕಾದದ್ದೇನು? ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಪೂರ್ತಿ ಓದಿ. ಆತ ಗಾಯ ಕಟ್ಟಿ ಹೊರಟುಹೋಗಲಿಲ್ಲ. ಗಾಯಾಳುವನ್ನು ಛತ್ರದವನಿಗೆ ಒಪ್ಪಿಸಿದ, ಖರ್ಚಿಗೆ ಕೊಟ್ಟ, ಹೆಚ್ಚು ಬಿದ್ದರೆ ಮರಳಿ ಬಂದಾಗ ಕೊಡುವೆನೆಂದ. ಹಳ್ಳಿಯಲ್ಲಿ ಆ ಛತ್ರದವನ ಜಾಗದಲ್ಲಿರುವುದು ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿಗೆ ದಾರಿ ತೋರಿಸುವವರು ಆಶಾ ಕಾರ್ಯಕರ್ತೆ. ಸುಮಾರು ಸಾವಿರ ಜನರಿಗೆ ಒಬ್ಬರಂತೆ ಇರುವ ಇವರಿಗೆ ಯಾವ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂಬುದು ಗೊತ್ತು. 30 ದಾಟಿದವರ ಬಿಪಿ, ಸಕ್ಕರೆ ತಪಾಸಣೆ ಸರ್ಕಾರದ್ದೇ ಕಾರ್ಯಕ್ರಮ. ಆರೋಗ್ಯ ಕೇಂದ್ರದಲ್ಲಿ ಮಾತ್ರೆಗೆ ದುಡ್ಡು ಕೊಡಬೇಕಿಲ್ಲ. ನೀವು ಬೇರೆ ಕಂಪನಿಯ ಬೇರೆ ಮಾತ್ರೆ ಕೊಟ್ಟರೆ ಜನ ಆ ಮಾತ್ರೆ ಬಿಟ್ಟು ಇದಕ್ಕೆ ಕಾಯುತ್ತಾರೆ.

ಆದ್ದರಿಂದ ಮೊದಲ ದಿನದಿಂದಲೇ ಆಶಾ ಅಕ್ಕನನ್ನು ಮೇಜಿನ ಪಕ್ಕ ಕೂರಿಸಿಕೊಳ್ಳಿ. ಬಿಪಿ ನೋಡುವ ಮುನ್ನ ಐದು ನಿಮಿಷ ಕೂರಿಸಿ. ಬೆನ್ನಿಗೆ ಆಸರೆ ಇರಲಿ, ತೋಳು ಎದೆಯ ಮಟ್ಟಕ್ಕಿರಲಿ. ಅರ್ಧ ಗಂಟೆ ಮೊದಲು ಚಹಾ, ತಂಬಾಕು ಬೇಡ. ಹೊಲದಿಂದ ಓಡಿ ಬಂದವರ ತೋಳಿಗೆ ಪಟ್ಟಿ ಸುತ್ತಿ 150 ಬಂತೆಂದು ಹೆದರಿಸುವುದು ತಪ್ಪು. 140/90 ದಾಟಿದರೂ ಇನ್ನೊಂದು ದಿನ ಮತ್ತೆ ನೋಡದೆ ಬಿಪಿ ಕಾಯಿಲೆ ಎನ್ನಬಾರದು. ಬೆರಳು ಚುಚ್ಚಿ ನೋಡುವ ಸಕ್ಕರೆಯೂ ಹಾಗೆಯೇ, ಅದು ಸೂಚನೆ ಮಾತ್ರ. ಅಂಕಿಯನ್ನು ಕನ್ನಡದ ಚೀಟಿಯಲ್ಲಿ ದೊಡ್ಡದಾಗಿ ಬರೆಯಿರಿ. ಒಂದು ಪ್ರತಿ ರೋಗಿಗೆ, ಒಂದು ಆಶಾಗೆ, ಒಂದು ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ. ದೀರ್ಘಕಾಲದ ಮಾತ್ರೆ ಶುರು ಮಾಡುವುದನ್ನು ಆರೋಗ್ಯ ಕೇಂದ್ರಕ್ಕೇ ಬಿಡಿ. ಜ್ವರ, ಕಜ್ಜಿಯಂಥದ್ದಕ್ಕೆ ವೈದ್ಯರು ಬರೆದ ಪೂರ್ತಿ ಅವಧಿಯ ಔಷಧವನ್ನು ಹೆಸರು ಕಾಣುವಂತೆ ಕೊಡಿ. ಎದೆನೋವು, ಉಸಿರಾಟದ ತೊಂದರೆ ಇದ್ದವರಿಗೆ ಚೀಟಿಯಲ್ಲ, 108.

ಬಸ್ಸಿನ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಒಂದು ತಿಂಗಳ ನಂತರ ನಿಮ್ಮಲ್ಲಿ ಇಬ್ಬರು ಮತ್ತೆ ಹೋಗಿ, ಆಶಾ ಅಕ್ಕನ ಬಳಿಯಿರುವ ಚೀಟಿಗಳನ್ನು ಹಿಡಿದು ವಿಚಾರಿಸಿ. ಯಾರು ಆರೋಗ್ಯ ಕೇಂದ್ರಕ್ಕೆ ಹೋದರು, ಯಾರು ಬಿಟ್ಟರು ಕೇಳಿ. ಆಟೋ ಖರ್ಚಿಗೆ ಹೆದರಿ ಬಿಟ್ಟವರಿಗೆ ಅದನ್ನು ಕೊಡುವುದೂ ಸೇವೆಯೇ.

ಪ್ರಾರ್ಥನೆ

ಸಂವಿಧಾನದ 25ನೇ ವಿಧಿ ಧರ್ಮಪ್ರಚಾರದ ಸ್ವಾತಂತ್ರ್ಯ ಕೊಟ್ಟಿದೆ. ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಕಾನೂನು ಹಾಗಿರಲಿ, ನೋವಿನಲ್ಲಿ ಸರದಿ ನಿಂತವರ ಕೈಗೆ ಕರಪತ್ರ ಕೊಡುವುದೇ ನನಗೆ ಸರಿಕಾಣುವುದಿಲ್ಲ. ಅವರು ಬೇಡವೆನ್ನುವ ಸ್ಥಿತಿಯಲ್ಲಿರುವುದಿಲ್ಲ. ನಿಮ್ಮ ಪ್ರಾರ್ಥನೆ ಬೆಳಗ್ಗೆ ನೀವು ಉಳಿದಿರುವಲ್ಲೇ ಆಗಲಿ. ನಂಬಿಕೆಯ ಬಗ್ಗೆ ಯಾರಾದರೂ ಕೇಳಿದರೆ ಶಿಬಿರದ ಹೊರಗೆ, ಸಮಾಧಾನದಿಂದ ಉತ್ತರಿಸಿ.

ಉಳಿದವು

ಸೂಜಿಗಳನ್ನು ಅವು ಚುಚ್ಚಿ ಹೊರಬರಲಾಗದ ಗಟ್ಟಿ ಬಿಳಿ ಡಬ್ಬಿಗೆ, ರಕ್ತದ ಹತ್ತಿಯನ್ನು ಹಳದಿ ಚೀಲಕ್ಕೆ ಹಾಕಿ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿ, ತಿಪ್ಪೆಗೆ ಎಸೆಯಬೇಡಿ. ಕೇಳದೆ ಫೋಟೊ ಬೇಡ, ರೋಗಿಗಳದ್ದಂತೂ ಬೇಡವೇ ಬೇಡ. ಮಕ್ಕಳೊಡನೆ ಯಾವಾಗಲೂ ಇಬ್ಬರು ದೊಡ್ಡವರಿರಲಿ. ಊಟವನ್ನು ಊರಿನ ಸ್ವಸಹಾಯ ಸಂಘಕ್ಕೆ ದುಡ್ಡು ಕೊಟ್ಟು ಮಾಡಿಸಿ.

ಈ ಸಲ ಹೊರಡುವವರು ಬಸ್ಸು ಗೊತ್ತುಮಾಡುವ ಮುನ್ನ ಆರೋಗ್ಯಾಧಿಕಾರಿಗೆ ಪತ್ರ ಬರೆಯಿರಿ. ಅನುಮತಿ ಸಿಗಲಿಲ್ಲವೆಂದರೆ ಔಷಧದ ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು ಹೋಗಿ, ಪಂಚಾಯಿತಿಯವರು ಹೇಳಿದ ಬೇರೆ ಕೆಲಸ ಮಾಡಿ ಬನ್ನಿ.