ಎರಡು ರೆಕಾರ್ಡು, ಒಂದೇ ಬೀಟು

ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಅದೇ ಲಯದಲ್ಲಿ ಬಂದು ಸೇರಬೇಕು, ಕುಣಿಯುವವರ ಹೆಜ್ಜೆ ತಪ್ಪಬಾರದು. ಡಿಜೆಗಳು ಬೀಟ್ ಮ್ಯಾಚಿಂಗ್ ಎನ್ನುವುದು ಇದನ್ನೇ. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಫ್ರಾನ್ಸಿಸ್ ಗ್ರಾಸೊ ಇದನ್ನು ರೂಢಿಗೆ ತಂದವರಲ್ಲಿ ಪ್ರಮುಖ. ಈಗ ಲ್ಯಾಪ್‌ಟಾಪಿನ ಸಿಂಕ್ ಬಟನ್ ಒತ್ತಿದರೆ ಕೆಲಸ ಮುಗಿಯಿತು. ಆದರೂ ಬೆಸಗರಹಳ್ಳಿ, ಮದ್ದೂರು, ಮಳವಳ್ಳಿ ಕಡೆ ಡಿಜೆ ಕಲಿಯಬೇಕೆನ್ನುವವರು ವಿನೈಲ್ ರೆಕಾರ್ಡಿನಿಂದ ಶುರುಮಾಡುವುದೇ ಮೇಲು. ಬೀಟ್ ತಪ್ಪುವುದಕ್ಕೆ ಎರಡು ಕಾರಣ: ಒಂದು ವೇಗದ ತಪ್ಪು, ಇನ್ನೊಂದು ಜಾಗದ ತಪ್ಪು. ಇವೆರಡನ್ನು ಬೇರೆಬೇರೆಯಾಗಿ ಗುರುತಿಸುವ ಕಿವಿ ಬಟನ್ ಒತ್ತುವುದರಿಂದ ಬರುವುದಿಲ್ಲ.

ಮೊದಲು ಸಲಕರಣೆ. ಪಿಚ್ ಪಟ್ಟಿಯಿರುವ ಎರಡು ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್, ಹೆಡ್‌ಫೋನಿನಲ್ಲಿ ಪ್ರತ್ಯೇಕವಾಗಿ ಕೇಳಲು ಬರುವ ಮಿಕ್ಸರ್, ತಟ್ಟೆಯ ಮೇಲೆ ಜಾರುವ ಸ್ಲಿಪ್‌ಮ್ಯಾಟ್ ಬೇಕು. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200, ಅದರ 1979ರ ಮಾರ್ಕ್-2 ಮಾದರಿ ಇಂದಿಗೂ ಅಳತೆಗೋಲು. ಅದರ ಪಿಚ್ ಪಟ್ಟಿ ವೇಗವನ್ನು ಶೇ 8ರವರೆಗೆ ಏರಿಸುತ್ತದೆ, ಇಳಿಸುತ್ತದೆ. ಬೆಲ್ಟ್ ಮೇಲೆ ತಿರುಗುವ ಪ್ಲೇಯರ್ ಬೇಡ. ಕೈಯಿಂದ ತಡೆದು ಬಿಟ್ಟರೆ ಅದು ವೇಗಕ್ಕೆ ಮರಳಲು ತಡವಾಗುತ್ತದೆ. ಅಟ್ಟದ ಮೇಲಿರುವ ತಾತನ ಕಾಲದ ಪ್ಲೇಟುಗಳನ್ನು ಅಭ್ಯಾಸಕ್ಕೆ ಬಳಸಬೇಡಿ, ಹಿಂದೆಮುಂದೆ ಎಳೆದರೆ ಮುಳ್ಳು ಅವನ್ನು ಸವೆಸುತ್ತದೆ.

ಎರಡನೆಯದು ಎಣಿಕೆ. ಪೂಜಾ ಕುಣಿತದ ತಮಟೆಗೆ ಹೆಜ್ಜೆ ಹಾಕಿ ಬೆಳೆದವರಿಗೆ ಇದು ಕಷ್ಟವಲ್ಲ. 15 ಸೆಕೆಂಡಿನಲ್ಲಿ ಬಂದ ಬೀಟುಗಳನ್ನು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಲೆಕ್ಕ ಸಿಗುತ್ತದೆ. ಮೂರನೆಯದು ಕೈಚಳಕ. ಹೊಸ ರೆಕಾರ್ಡಿನ ಮೊದಲ ಬೀಟನ್ನು ಹೆಡ್‌ಫೋನಿನಲ್ಲಿ ಹುಡುಕಿ, ಬೆರಳಿನಿಂದ ರೆಕಾರ್ಡನ್ನು ಅಲ್ಲೇ ಹಿಡಿಯಿರಿ. ಕೆಳಗೆ ತಟ್ಟೆ ತಿರುಗುತ್ತಲೇ ಇರಲಿ. ಓಡುತ್ತಿರುವ ಹಾಡಿನ ‘ಒಂದು’ ಬಂದ ಕ್ಷಣ ಬಿಡಿ. ಒಂದೇ ರೆಕಾರ್ಡಿನ ಎರಡು ಪ್ರತಿ ಸಿಕ್ಕರೆ ಮೊದಲ ಪಾಠ ಅದರಲ್ಲೇ ಆಗಲಿ. ಎರಡೂ ಪಿಚ್ ಸೊನ್ನೆಯಲ್ಲಿದ್ದರೆ ವೇಗದ ಗೊಡವೆಯಿಲ್ಲ, ಜಾಗ ಕೂಡಿಸುವುದಷ್ಟೇ ಉಳಿಯುತ್ತದೆ. ಆಮೇಲೆ ಒಂದರ ಪಿಚ್ಚನ್ನು ಬದಲಿಸಲು ಗೆಳೆಯರಿಗೆ ಹೇಳಿ, ಪಟ್ಟಿ ನೋಡದೆ ನೀವು ಸರಿಪಡಿಸಿ.

ನಾಲ್ಕನೆಯದೇ ಮುಖ್ಯ ಹಂತ. ಒಂದು ಹಾಡು ನಿಮಿಷಕ್ಕೆ 100 ಬೀಟ್, ಇನ್ನೊಂದು 101 ಎಂದುಕೊಳ್ಳಿ. ಬೀಟಿಗೆ ಸುಮಾರು 6 ಮಿಲಿಸೆಕೆಂಡಿನ ಅಂತರ. ಮೊದಮೊದಲು ಗೊತ್ತೇ ಆಗುವುದಿಲ್ಲ. ಹತ್ತು ಬೀಟಿಗೆ ಒಂದು ಪೆಟ್ಟು ಎರಡಾಗಿ ಕೇಳುತ್ತದೆ, ಅರ್ಧ ನಿಮಿಷಕ್ಕೆ ಅರ್ಧ ಬೀಟೇ ತಪ್ಪಿರುತ್ತದೆ. ಇಲ್ಲಿ ರೆಕಾರ್ಡನ್ನು ತಳ್ಳಿ ಕೂಡಿಸಿದರೆ ಜಾಗ ಸರಿಯಾಗುತ್ತದೆ, ವೇಗ ಹಾಗೇ ಉಳಿದು ಮತ್ತೆ ಜಾರುತ್ತದೆ. ಹಾಗಾಗಿ ಜಾಗಕ್ಕೆ ಬೆರಳು, ವೇಗಕ್ಕೆ ಪಿಚ್ ಪಟ್ಟಿ. ಹೊಸ ಹಾಡು ಮುಂದಿದೆಯೋ ಹಿಂದಿದೆಯೋ ತಿಳಿಯದಿದ್ದರೆ ತಟ್ಟೆಯ ಅಂಚನ್ನು ಮೆಲ್ಲಗೆ ಮುಟ್ಟಿ ತಡೆಯಿರಿ. ಗೊಂದಲ ಹೆಚ್ಚಿದರೆ ಅದು ಹಿಂದಿತ್ತು. ಪಿಚ್ಚನ್ನು ಪ್ಲಸ್ ಕಡೆ ಒಂದು ಕೂದಲೆಳೆ ಸರಿಸಿ. ಕಡಿಮೆಯಾದರೆ ಮುಂದಿತ್ತು; ಮೈನಸ್ ಕಡೆ ಸರಿಸಿ.

ಸಿಂಕ್ ಇರುವಾಗ ಇಷ್ಟೆಲ್ಲ ಯಾಕೆ ಎನ್ನುವ ಆಕ್ಷೇಪಕ್ಕೆ ನಮ್ಮ ಹಳೆಯ ಸಿನಿಮಾ ಹಾಡುಗಳೇ ಉತ್ತರ. ಅವನ್ನು ನುಡಿಸಿದ್ದು ಯಂತ್ರವಲ್ಲ, ವಾದ್ಯವೃಂದ. ಪಲ್ಲವಿಯಿಂದ ಚರಣಕ್ಕೆ ಹೋಗುವಾಗ ವೇಗ ತುಸು ಏರಬಹುದು, ಇಳಿಯಬಹುದು. ಒಂದೇ ಸಮನಾದ ಬೀಟ್ ಎಂದು ಲೆಕ್ಕ ಹಾಕಿಕೊಂಡ ಸಾಫ್ಟ್‌ವೇರ್ ಅಲ್ಲಿ ಎಡವುತ್ತದೆ, ಪಳಗಿದ ಕಿವಿ ಹಿಂಬಾಲಿಸುತ್ತದೆ. ಆದರೆ ಕಲಿಯುವಾಗ ಇವೇ ಹಾಡುಗಳು ಬೇಡ. ಡ್ರಮ್ ಮಷಿನ್ನಿನ ಬೀಟಿರುವ ನೃತ್ಯದ ರೆಕಾರ್ಡುಗಳು ಮೊದಲು. ತಿಶ್ರ ನಡೆಯ ಹಾಡನ್ನು ಚತುರಶ್ರದ ಹಾಡಿಗೆ ಜೋಡಿಸಹೋಗಬೇಡಿ. ಶೇ 6ರಷ್ಟು ವೇಗ ಬದಲಾದರೆ ಶ್ರುತಿ ಸುಮಾರು ಅರ್ಧ ಸ್ವರ ಸರಿಯುತ್ತದೆ, ಗಾಯಕರ ದನಿಯೇ ಬೇರೆ ಅನ್ನಿಸುತ್ತದೆ. ಆದ್ದರಿಂದ ಶೇ 3ರೊಳಗೆ ಹೊಂದುವ ಹಾಡುಗಳನ್ನೇ ಆರಿಸಿಕೊಳ್ಳಿ.

ಖರ್ಚಿನ ಆಕ್ಷೇಪ ಮಾತ್ರ ನಿಜ. ಒಬ್ಬರೇ ಎರಡು ಟರ್ನ್‌ಟೇಬಲ್ ಕೊಳ್ಳುವುದು ಭಾರ. ನಾಲ್ಕೈದು ಮಂದಿ ಸೇರಿ ಕೊಂಡರೆ ಸರದಿಯ ಮೇಲೆ ಕಲಿಯಬಹುದು. ದೊಡ್ಡ ಸ್ಪೀಕರಂತೂ ಬೇಕಿಲ್ಲ. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದಕ್ಕೆ ಮೇಜಿನ ಮೇಲಿನ ಸಣ್ಣ ಸ್ಪೀಕರ್ ಸಾಕು, ನೆರೆಹೊರೆಯವರ ದೂರೂ ಬರುವುದಿಲ್ಲ. ಕೈ ಮುಟ್ಟಿಸದೆ ಎರಡು ಹಾಡು 32 ಬೀಟ್ ಒಟ್ಟಿಗೆ ನಡೆದರೆ ಮೊದಲ ಹಂತ ದಾಟಿದಿರಿ. ಆಮೇಲೆ ಸಿಂಕ್ ಬಳಸಿದರೂ ಅಡ್ಡಿಯಿಲ್ಲ, ಅದು ತಪ್ಪಿದಾಗ ಹಿಡಿಯಲು ನಿಮಗೆ ಬರುತ್ತದೆ.